ಲೈನ್ ಕ್ಲಿಯರ್: ಒಂದು ಮಾತಿನ ಚರಿತ್ರೆ



‘ಲೈನ್ ಕ್ಲಿಯರ್’ ಎಂಬುದು ಇಂಗ್ಲಿಷು ಬಾರದವರ ನಾಲಗೆಯ ಮೇಲೆಯೂ ನಮ್ಮ ನಾಡಿನಲ್ಲಿ ಬಹುಕಾಲದಿಂದ ನಡೆದುಬಂದಿರುವ ಮಾತು. ರೈಲುಗಾಡಿ ನಡುವೆ ಎಲ್ಲಿಯೋ ನಿಂತು, ಯಾರಾದರೂ ಕಾರಣ ಕೇಳಿದರೆ, ‘ಇನ್ನೂ ಲೈನ್ ಕ್ಲಿಯರ್ ಸಿಕ್ಕಿಲ್ಲ’ ಎಂದು ಪಕ್ಕದಲ್ಲಿ ಕುಳಿತವರು ಉತ್ತರ ಕೊಡುತ್ತಾರೆ. ವಿದ್ಯುಚ್ಛಕ್ತಿಯ ಇಲಾಖೆಯ ಕೆಲಸಗಾರರೂ ಇದೇ ಮಾತನ್ನು ಬಳಸುತ್ತಾರೆ. ಆದರೆ ಅವರಲ್ಲಿ ಅದರ ಅರ್ಥವು ತಲೆಕೆಳಗಾಗಿದೆ. ರೈಲಿನವರಿಗೆ ‘ಲೈನ್ ಕ್ಲಿಯರ್’ ಎಂದರೆ ದಾರಿಯಲ್ಲಿ ಯಾರೂ ಇಲ್ಲ, ಗಾಡಿ ಹೊರಡಬಹುದು ಎಂದು. ವಿದ್ಯುತ್ತಿನವರಿಗೆ ಅದೇ ಮಾತು, ದಾರಿಯಲ್ಲಿ ಮನುಷ್ಯನಿದ್ದಾನೆ, ಆದುದರಿಂದ ಏನೂ ಹೊರಡಕೂಡದು ಎಂದಾಗುತ್ತದೆ. ತಂತಿಯಲ್ಲಿ ಪ್ರವಾಹವಿಲ್ಲ, ಮರಳಿ ಹೇಳುವವರೆಗೆ ಅದು ಬರುವುದೂ ಇಲ್ಲ, ಇನ್ನು ಕಂಬವನ್ನು ಹತ್ತಬಹುದು ಎಂಬ ವಾಗ್ದಾನಕ್ಕೆ ಅವರು ಇಟ್ಟುಕೊಂಡಿರುವ ಹೆಸರು ಇದು.

ಈ ವಾಗ್ದಾನವನ್ನು ಕಾಯುವವರು ನಿಯಂತ್ರಣ ಕೊಠಡಿಯಲ್ಲಿ ಕುಳಿತಿರುವ ಇಂಜಿನಿಯರುಗಳು. ಅವರಿಗೆ ಕಂಬವು ಕಾಣುವುದಿಲ್ಲ, ಕಂಬವನ್ನು ಹತ್ತಿದವನೂ ಕಾಣುವುದಿಲ್ಲ. ಇಬ್ಬರೂ ಒಬ್ಬರ ಮುಖವನ್ನೊಬ್ಬರು ನೋಡದೆಯೇ, ಧ್ವನಿಯ ಪರಿಚಯವೊಂದರಿಂದಲೇ, ನೌಕರಿಯ ಕಾಲವನ್ನೆಲ್ಲ ಕಳೆಯುವುದೂ ಉಂಟು. ಹಾಗಿದ್ದರೂ ಒಬ್ಬನ ಪ್ರಾಣವು ಮತ್ತೊಬ್ಬನ ಮಾತಿನ ಮೇಲೆ ನಿಂತಿರುತ್ತದೆ. ಈ ಏರ್ಪಾಡು ಹೇಗೆ ಬೆಳೆಯಿತು, ಗಾಳಿಯಲ್ಲಿ ಕರಗಿಹೋಗುವ ಮಾತು ಹೇಗೆ ಕೈಯಲ್ಲಿ ಹಿಡಿಯಬಹುದಾದ ಒಂದು ವಸ್ತುವಾಗಿ ಗಟ್ಟಿಯಾಯಿತು ಎಂಬುದನ್ನು ಈ ಹೊತ್ತು ನಿಮ್ಮ ಮುಂದೆ ಇಡಬೇಕೆಂದಿದ್ದೇನೆ.

ಮೊದಲು ಅಪಾಯದ ಸ್ವರೂಪವನ್ನು ತಿಳಿಯಬೇಕು. ಬೆಂಕಿಗೆ ಬಣ್ಣವುಂಟು, ನೀರಿಗೆ ಸದ್ದುಂಟು, ಕಾಡುಮೃಗಕ್ಕೆ ವಾಸನೆಯುಂಟು. ಪ್ರವಾಹವಿರುವ ತಂತಿಗೂ ಇಲ್ಲದ ತಂತಿಗೂ ಕಣ್ಣಿಗೆ ಯಾವ ಭೇದವೂ ಇಲ್ಲ. ಅಮೆರಿಕದ ನ್ಯೂಯಾರ್ಕ್ ನಗರದಲ್ಲಿ 1889ನೆಯ ಇಸವಿ ಅಕ್ಟೋಬರ್ 11ರಂದು ಜಾನ್ ಫೀಕ್ಸ್ ಎಂಬ ಲೈನ್‌ಮನ್ ತಂತಿ ಸಮಾಚಾರದ ಕಂಪನಿಯ ಕಂಬವೊಂದನ್ನು ಹತ್ತಿದನು. ಅವನು ಮುಟ್ಟಿದ್ದು ಟೆಲಿಗ್ರಾಫಿನ ತಂತಿ. ಅದರಲ್ಲಿ ಹರಿಯುವ ಅಲ್ಪ ಪ್ರವಾಹದಿಂದ ಯಾರೂ ಸಾಯುವುದಿಲ್ಲ. ಆದರೆ ಅದೇ ತಂತಿಯು ಅಲ್ಲಿಂದ ದೂರದಲ್ಲಿ, ಅವನ ಕಣ್ಣಿಗೆ ಬೀಳದ ಒಂದು ಬೀದಿಯಲ್ಲಿ, ದೀಪಗಳಿಗೆ ಹೋಗುವ ಅಧಿಕ ಒತ್ತಡದ ತಂತಿಯನ್ನು ತಗುಲಿಕೊಂಡಿತ್ತು. ಮಧ್ಯಾಹ್ನದ ಜನಸಂದಣಿಯ ಎದುರಿಗೆ ಅವನ ದೇಹವು ತಂತಿಗಳ ಜಾಲದಲ್ಲಿ ಸಿಕ್ಕಿ ಬಹಳ ಹೊತ್ತು ನೇತಾಡಿತು. ಆ ನಗರವು ತಂತಿಗಳನ್ನು ನೆಲದೊಳಕ್ಕೆ ಇಳಿಸುವುದಕ್ಕೆ ಈ ಸಾವು ತ್ವರೆಯನ್ನು ತಂದಿತೆಂಬುದು ಚರಿತ್ರೆಯಲ್ಲಿ ಪ್ರಸಿದ್ಧವಾಗಿದೆ. ನಮಗಿಲ್ಲಿ ಬೇಕಾದ ಸಂಗತಿ ಬೇರೆ. ಫೀಕ್ಸನು ಅಜಾಗ್ರತೆಯಿಂದ ಸತ್ತವನಲ್ಲ. ಅವನಿಗೆ ತಿಳಿಯಬೇಕಾಗಿದ್ದ ವಿಷಯವು ಅವನಿದ್ದ ಸ್ಥಳದಲ್ಲಿ ಇರಲಿಲ್ಲ. ಅದು ಮತ್ತೊಂದು ಬೀದಿಯಲ್ಲಿತ್ತು. ಅದನ್ನು ಅವನಿಗೆ ಹೇಳತಕ್ಕವರು ಯಾರೂ ಇರಲಿಲ್ಲ.

ಅದೇ ದೇಶದಲ್ಲಿ 1891ರಲ್ಲಿ ಸೇಂಟ್ ಲೂಯಿಸ್ ನಗರದಲ್ಲಿ ವಿದ್ಯುತ್ ಕೆಲಸಗಾರರು ಸೇರಿ ಒಂದು ಸಂಘವನ್ನು ಕಟ್ಟಿದರು. ತಮ್ಮ ಕಸುಬಿನಲ್ಲಿ ಸಾವು ಅಷ್ಟು ಸಾಮಾನ್ಯವಾಗಿದ್ದುದು ಅವರನ್ನು ಒಂದುಗೂಡಿಸಿದ ಕಾರಣಗಳಲ್ಲಿ ಮುಖ್ಯವಾದುದು. ಅದರ ಮೊದಲ ಅಧ್ಯಕ್ಷ ಹೆನ್ರಿ ಮಿಲ್ಲರ್ ಎಂಬಾತನು ತಾನೂ ಲೈನ್‌ಮನ್ನನೇ. ಐದು ವರ್ಷಗಳೊಳಗಾಗಿ, 1896ರಲ್ಲಿ, ವಾಷಿಂಗ್ಟನ್ ನಗರದ ಕಂಬವೊಂದರ ಮೇಲೆ ವಿದ್ಯುದಾಘಾತಕ್ಕೆ ಸಿಕ್ಕಿ ಕೆಳಕ್ಕೆ ಬಿದ್ದು ಅವನೂ ತೀರಿಕೊಂಡನು.

ದೂರದಲ್ಲಿರುವವನ ಮಾತನ್ನು ನಂಬಿ ಅಪಾಯದ ದಾರಿಯಲ್ಲಿ ಕಾಲಿಡುವ ಈ ಸಮಸ್ಯೆಯು ವಿದ್ಯುತ್ತಿಗಿಂತ ಮೊದಲೇ ರೈಲಿನವರಿಗೆ ಎದುರಾಗಿತ್ತು. ಒಂದೇ ಜೊತೆ ಕಂಬಿಗಳ ಮೇಲೆ ಎರಡು ಕಡೆಯಿಂದಲೂ ಗಾಡಿಗಳು ಓಡಾಡಬೇಕಾದರೆ, ಎರಡು ನಿಲ್ದಾಣಗಳ ನಡುವೆ ಒಂದು ಕಾಲಕ್ಕೆ ಒಂದೇ ಗಾಡಿಯಿರಬೇಕು. ಟೆಲಿಗ್ರಾಫು ಬಂದಮೇಲೆ ಇದನ್ನು ನಿಲ್ದಾಣದಿಂದ ನಿಲ್ದಾಣಕ್ಕೆ ತಂತಿಯ ಮೂಲಕ ಮಾತನಾಡಿ ನಿರ್ಧರಿಸುತ್ತಿದ್ದರು. ಮಾತು ಚೆನ್ನಾಗಿಯೇ ನಡೆಯುತ್ತಿತ್ತು, ಒಂದು ದಿನ ತಪ್ಪುವವರೆಗೆ. 1874ರ ಸೆಪ್ಟೆಂಬರ್ 10ರ ರಾತ್ರಿ ಇಂಗ್ಲೆಂಡಿನ ನಾರ್ವಿಚ್ ಪಟ್ಟಣದ ಬಳಿಯ ಥಾರ್ಪ್ ಎಂಬಲ್ಲಿ ಎರಡು ಗಾಡಿಗಳು ಮುಖಾಮುಖಿಯಾಗಿ ಡಿಕ್ಕಿ ಹೊಡೆದವು. ನಾರ್ವಿಚ್ಚಿನಿಂದ ಹೊರಡಬೇಕಾಗಿದ್ದ ವೇಗದ ಗಾಡಿಯು ತಡವಾಗಿತ್ತು. ಅದು ಇನ್ನೂ ನಿಂತಿರುವುದೆಂದು ತಿಳಿದು, ಎದುರಿನ ನಿಲ್ದಾಣದಲ್ಲಿ ಕಾಯುತ್ತಿದ್ದ ಅಂಚೆಗಾಡಿಯನ್ನು ಕಳುಹಿಸಿರೆಂಬ ಸಮಾಚಾರವನ್ನು ರಾತ್ರಿಯ ಅಧಿಕಾರಿಯು ಗುಮಾಸ್ತನಿಗೆ ಹೇಳಿದನು. ಅದಕ್ಕೆ ಅಧಿಕಾರಿಯ ರುಜು ಬೀಳುವ ಮುನ್ನವೇ ಗುಮಾಸ್ತನು ಅದನ್ನು ತಂತಿಯಲ್ಲಿ ಕಳುಹಿಸಿಬಿಟ್ಟನು. ಅಷ್ಟರಲ್ಲಿ ವೇಗದ ಗಾಡಿಗೂ ಅಪ್ಪಣೆಯಾಗಿ ಅದು ಹೊರಟುಹೋಗಿತ್ತು. ತಪ್ಪನ್ನು ಅರಿತು ಅಂಚೆಗಾಡಿಯನ್ನು ತಡೆಯಿರೆಂದು ಮತ್ತೊಂದು ಸಮಾಚಾರವನ್ನು ಕಳುಹಿಸಿದಾಗ, ಗಾಡಿ ಹೊರಟಿತೆಂಬ ಉತ್ತರ ಬಂದಿತು. ಆಮೇಲೆ ಎರಡು ಕಡೆಯವರೂ ಮಾಡಬಹುದಾಗಿದ್ದುದು ಯಾವುದೂ ಇರಲಿಲ್ಲ. ಎರಡು ಗಾಡಿಗಳು ಒಂದನ್ನೊಂದು ಸಮೀಪಿಸುತ್ತಿವೆಯೆಂದು ತಿಳಿದೂ ಕೈಕಟ್ಟಿ ಕುಳಿತಿರಬೇಕಾಗಿ ಬಂದ ಆ ಕೆಲವು ನಿಮಿಷಗಳನ್ನು ನೆನೆದರೆ ಈಗಲೂ ಮೈ ನಡುಗುತ್ತದೆ. 25 ಮಂದಿ ಸತ್ತರು.

ಈ ದುರಂತದ ತರುವಾಯ ಎಡ್ವರ್ಡ್ ಟಯರ್ ಎಂಬ ಯಂತ್ರಜ್ಞನು 1878ರಲ್ಲಿ ಒಂದು ಉಪಕರಣವನ್ನು ನಿರ್ಮಿಸಿದನು. ಎರಡು ನಿಲ್ದಾಣಗಳಲ್ಲಿ ಎರಡು ಪೆಟ್ಟಿಗೆಗಳು. ಅವುಗಳೊಳಗೆ ಲೋಹದ ಬಿಲ್ಲೆಗಳು. ಎರಡು ಕಡೆಯವರೂ ಒಪ್ಪಿ ಗುಂಡಿಯನ್ನು ಒತ್ತಿದ ಹೊರತು ಬಿಲ್ಲೆಯು ಹೊರಕ್ಕೆ ಬರುವುದಿಲ್ಲ. ಒಂದು ಬಿಲ್ಲೆ ಹೊರಗಿರುವಾಗ ಎರಡನೆಯದು ಯಾವ ಪೆಟ್ಟಿಗೆಯಿಂದಲೂ ಬರುವುದಿಲ್ಲ. ಬಿಲ್ಲೆಯಿಲ್ಲದೆ ಚಾಲಕನು ಗಾಡಿಯನ್ನು ಹೊರಡಿಸತಕ್ಕದ್ದಲ್ಲ. ನಮ್ಮ ದೇಶದ ರೈಲುಗಳಲ್ಲಿ ಬಿಲ್ಲೆಯ ಬದಲು ಚೆಂಡಿನಾಕಾರದ ಗುಂಡು ಬಳಕೆಗೆ ಬಂದಿತು. ದೊಡ್ಡ ಬಳೆಯಂಥ ಹಿಡಿಯ ಕೆಳಗಿನ ಚರ್ಮದ ಚೀಲದಲ್ಲಿ ಆ ಗುಂಡನ್ನಿಟ್ಟು, ಓಡುತ್ತಿರುವ ಗಾಡಿಯ ಚಾಲಕನಿಗೆ ನಿಲ್ದಾಣದವನು ಕೈಯೆತ್ತಿ ಕೊಡುವುದನ್ನು ಹಿರಿಯರನೇಕರು ನೋಡಿರಬಹುದು. ನನ್ನ ಅಭಿಪ್ರಾಯದಲ್ಲಿ ಇದು ಹತ್ತು ಕಾಯಿದೆಗಳಿಗಿಂತ ದೊಡ್ಡ ಹೆಜ್ಜೆ. ‘ಎಚ್ಚರದಿಂದಿರು’ ಎಂಬ ಬುದ್ಧಿವಾದವನ್ನು ಮನುಷ್ಯನು ಮರೆಯಬಲ್ಲನು; ಕೈಯಲ್ಲಿ ಇಲ್ಲದ ಗುಂಡನ್ನು ಇದೆಯೆಂದು ಭ್ರಮಿಸಲಾರನು.

ಇನ್ನು ನಮ್ಮ ನಾಡಿಗೆ ಬರೋಣ. 1902ರ ಜೂನ್ 30ರಂದು ಶಿವನಸಮುದ್ರದ ಕಾವೇರಿಯ ಜಲಪಾತದಿಂದ ಕೋಲಾರದ ಚಿನ್ನದ ಗಣಿಗಳಿಗೆ ವಿದ್ಯುಚ್ಛಕ್ತಿಯು ಹರಿಯಿತು. ದಿವಾನ್ ಶೇಷಾದ್ರಿ ಅಯ್ಯರ್ ಅವರು ಈ ಸಾಹಸಕ್ಕೆ ಬೆನ್ನೆಲುಬಾಗಿದ್ದವರು. ಆದರೆ ಅದನ್ನು ಕಣ್ಣಾರೆ ಕಾಣುವ ಭಾಗ್ಯ ಅವರಿಗಿರಲಿಲ್ಲ, 1901ರಲ್ಲಿಯೇ ಕಾಲವಾದರು. ಯೋಜನೆಯನ್ನು ರೂಪಿಸಿದ ಇಂಜಿನಿಯರು ಕ್ಯಾಪ್ಟನ್ ಜೋಲಿ ದ ಲೋಬಿನಿಯೇರ್. ಮಾರ್ಗದ ಉದ್ದ 92 ಮೈಲಿ, ಅಂದರೆ ಸುಮಾರು 148 ಕಿಲೋಮೀಟರ್. ಒತ್ತಡ 35,000 ವೋಲ್ಟ್. ಆ ಕಾಲದಲ್ಲಿ ಜಗತ್ತಿನಲ್ಲಿದ್ದ ಅತಿ ದೀರ್ಘವಾದ ಪ್ರಸರಣ ಮಾರ್ಗಗಳಲ್ಲಿ ಇದೂ ಒಂದಾಗಿತ್ತು. ಬೆಂಗಳೂರಿನ ಬೀದಿಗಳಿಗೆ ವಿದ್ಯುದ್ದೀಪ ಬಂದದ್ದು ಇದಾದ ಮೂರು ವರ್ಷಗಳಿಗೆ, 1905ರಲ್ಲಿ. ಗಣಿಗೆ ಮೊದಲು, ನಗರಕ್ಕೆ ಆಮೇಲೆ. ಇದನ್ನು ಮರೆಯಬಾರದು, ಏಕೆಂದರೆ ಸುರಕ್ಷತೆಯ ಪ್ರಶ್ನೆಗೂ ಇದಕ್ಕೂ ಸಂಬಂಧವುಂಟು.

ಬೀದಿಯ ದೀಪವು ಒಂದು ಗಂಟೆ ಆರಿದರೆ ಜನರು ಗೊಣಗುತ್ತಾರೆ, ಅಷ್ಟೇ. ಗಣಿಯ ಸ್ಥಿತಿ ಹಾಗಲ್ಲ. ನೆಲದ ಕೆಳಗೆ ಬಹು ಆಳದಲ್ಲಿರುವ ಕೆಲಸಗಾರರು ಮೇಲಕ್ಕೆ ಬರುವುದು ಯಂತ್ರದಿಂದ, ಅಲ್ಲಿ ಸೇರುವ ನೀರು ಹೊರಕ್ಕೆ ಹೋಗುವುದು ಯಂತ್ರದಿಂದ, ಗಾಳಿಯಾಡುವುದೂ ಯಂತ್ರದಿಂದ. ಅಂಥ ಗಣಿಗೆ ಹೋಗುವ ಮಾರ್ಗದ ಮೇಲೆ ದುರಸ್ತಿ ನಡೆಯಬೇಕಾದರೆ, ಒಂದೇ ತಂತಿಯ ಎರಡು ಗುಣಗಳ ಮೇಲೆ ಇಬ್ಬರ ಪ್ರಾಣವು ನಿಲ್ಲುತ್ತದೆ. ಪ್ರವಾಹವಿದ್ದರೆ ಭೂಗರ್ಭದಲ್ಲಿರುವವನು ಬದುಕುವನು; ಪ್ರವಾಹವಿಲ್ಲದಿದ್ದರೆ ಕಂಬದ ಮೇಲಿರುವವನು ಬದುಕುವನು. ನಿಯಂತ್ರಣದ ಕೆಲಸವೆಂದರೆ ಮುಖ್ಯವಾಗಿ ಇವರಿಬ್ಬರ ನಡುವೆ ನ್ಯಾಯ ಮಾಡುವ ಕೆಲಸ. ‘ಕೂಡಲೇ ಆರಿಸಿಕೊಡಿ’ ಎಂದು ಒಬ್ಬನು ಕೇಳಿದಾಗ ‘ಇನ್ನೂ ಒಂದು ಗಂಟೆ ತಾಳಿ’ ಎಂದು ಹೇಳುವವನು ನಿರ್ದಯನೆಂದು ತೋರಬಹುದು. ಆದರೆ ಆ ಒಂದು ಗಂಟೆಯಲ್ಲಿ ಬೇರೆ ಮಾರ್ಗದಿಂದ ಶಕ್ತಿಯನ್ನು ತಿರುಗಿಸಿಕೊಂಡು, ಆಮೇಲೆ ಕೊಟ್ಟ ಲೈನ್ ಕ್ಲಿಯರನ್ನು ನಡುವೆ ಹಿಂದಕ್ಕೆ ಕೇಳುವ ಅವಸರವು ಬಾರದಂತೆ ಮಾಡುವುದೇ ಅವನ ಜಾಣ್ಮೆ. ಅವಸರದಲ್ಲಿ ಹಿಂದಕ್ಕೆ ಕೇಳಲ್ಪಟ್ಟ ಲೈನ್ ಕ್ಲಿಯರಿಗಿಂತ ಕೊಡದಿರುವ ಲೈನ್ ಕ್ಲಿಯರೇ ಉತ್ತಮ.

ಹೊತ್ತನ್ನು ಗೊತ್ತುಮಾಡಿಕೊಂಡು ಕೆಲಸ ನಡೆಸಿದರೆ ಸಾಲದೆ ಎಂದು ಯಾರಾದರೂ ಕೇಳಬಹುದು. ‘ಹತ್ತು ಗಂಟೆಗೆ ಆರಿಸುತ್ತೇವೆ, ನಾಲ್ಕು ಗಂಟೆಗೆ ಹಾಕುತ್ತೇವೆ, ಅಷ್ಟರೊಳಗೆ ಕೆಲಸವನ್ನು ಮುಗಿಸಿಕೊಳ್ಳಿ’ ಎಂಬ ಏರ್ಪಾಡು ಎಷ್ಟು ಸುಲಭ! ಇಂಥ ಏರ್ಪಾಡನ್ನು ಸುರಕ್ಷತೆಯ ನಿಯಮಗಳು ಸ್ಪಷ್ಟವಾಗಿ ನಿಷೇಧಿಸುತ್ತವೆ. ಯಾರ ಗಡಿಯಾರದಲ್ಲಿ ನಾಲ್ಕು ಗಂಟೆ? 1902ರಲ್ಲಿ ಭಾರತಕ್ಕೆಲ್ಲ ಒಂದೇ ವೇಳೆಯೆಂಬುದೇ ಇರಲಿಲ್ಲ. ಅದು ಬಂದದ್ದು 1906ರ ಜನವರಿ 1ರಿಂದ. ರೈಲಿನವರು ಮದರಾಸಿನ ವೇಳೆಯನ್ನು ಇಟ್ಟುಕೊಂಡಿದ್ದರು. ಸೂರ್ಯನ ಲೆಕ್ಕದಲ್ಲಿ ಬೆಂಗಳೂರು ಅದಕ್ಕಿಂತ ಹತ್ತು ನಿಮಿಷಗಳಿಗೂ ಹೆಚ್ಚು ಹಿಂದೆ. ಶಿವನಸಮುದ್ರಕ್ಕೂ ಚಿನ್ನದ ಗಣಿಗೂ ನಡುವೆಯೇ ಸೂರ್ಯಮಾನದಲ್ಲಿ ನಾಲ್ಕು ನಿಮಿಷಗಳಿಗೂ ಮೀರಿದ ಅಂತರವುಂಟು. ಕಂಬದಿಂದ ಇಳಿಯುವುದಕ್ಕೆ ಅಷ್ಟು ಹೊತ್ತು ಬೇಕು! ಗಡಿಯಾರಗಳೆಲ್ಲ ಒಂದಾದರೂ ಆಕ್ಷೇಪವು ಹೋಗುವುದಿಲ್ಲ. ಒಂದು ಬೋಲ್ಟು ತುಕ್ಕು ಹಿಡಿದು ತಿರುಗದಿದ್ದರೆ ನಾಲ್ಕು ಗಂಟೆಯ ಕೆಲಸ ಐದಕ್ಕೆ ಮುಗಿಯುತ್ತದೆ. ಗಡಿಯಾರವು ಬೋಲ್ಟನ್ನು ವಿಚಾರಿಸುವುದಿಲ್ಲ. ಆದುದರಿಂದ ಪ್ರವಾಹವನ್ನು ಹಿಂತಿರುಗಿಸುವ ಅಧಿಕಾರವನ್ನು ವೇಳೆಗೆ ಕೊಡದೆ ಮನುಷ್ಯನ ಮಾತಿಗೆ ಮಾತ್ರ ಕೊಟ್ಟಿದೆ. ಯಾರು ಲೈನ್ ಕ್ಲಿಯರನ್ನು ಪಡೆದರೋ ಅವರೇ ಅದನ್ನು ಹಿಂತಿರುಗಿಸಬೇಕು.

ಲೈನ್ ಕ್ಲಿಯರನ್ನು ಕೊಡುವುದರಲ್ಲಿ ಏನೇನು ಅಡಗಿದೆ ಎಂಬುದನ್ನು ಸ್ವಲ್ಪ ನಿಧಾನವಾಗಿ ನೋಡೋಣ. ಈ ವಿಷಯದಲ್ಲಿ ಸ್ವಾರಸ್ಯವೆಲ್ಲ ಇರುವುದು ಇಲ್ಲಿಯೇ. ಮೊದಲು ಬ್ರೇಕರನ್ನು ತೆರೆಯುತ್ತಾರೆ. ಹರಿಯುತ್ತಿರುವ ಪ್ರವಾಹವನ್ನು ಕಡಿಯುವ ಸಾಮರ್ಥ್ಯವಿರುವುದು ಅದಕ್ಕೆ. ಆದರೆ ಬ್ರೇಕರಿನ ಒಳಭಾಗವು ಕಣ್ಣಿಗೆ ಕಾಣುವುದಿಲ್ಲ. ಅದು ತೆರೆದಿದೆಯೆಂದು ಸೂಚಕವು ಹೇಳುತ್ತದೆಯೇ ಹೊರತು ನಾವು ನೋಡಿದಂತಾಗಲಿಲ್ಲ. ಆದುದರಿಂದ ಅದರ ಪಕ್ಕದಲ್ಲಿರುವ ಐಸೋಲೇಟರನ್ನು ತೆರೆಯುತ್ತಾರೆ. ಇದು ಬಯಲಿನಲ್ಲಿ ನಿಂತಿರುವ ಲೋಹದ ತೋಳು. ತೆರೆದಾಗ ನಡುವಿನ ಗಾಳಿಯ ಅಂತರವು ಯಾರಿಗೂ ಕಾಣುತ್ತದೆ. ಈ ಕ್ರಮವು ಎಂದಿಗೂ ಹಿಂದುಮುಂದಾಗಕೂಡದು. ಪ್ರವಾಹವು ಹರಿಯುತ್ತಿರುವಾಗಲೇ ಐಸೋಲೇಟರನ್ನು ಎಳೆದರೆ ಅಲ್ಲಿ ಹೊತ್ತುವ ಕಿಡಿಯು ಎಳೆದವನನ್ನೇ ಸುಡಬಹುದು. ಆಮೇಲೆ ಐಸೋಲೇಟರಿಗೆ ಬೀಗವನ್ನು ಹಾಕಿ, ಜನರು ಕೆಲಸದ ಮೇಲಿದ್ದಾರೆಂಬ ಫಲಕವನ್ನು ತೂಗುಹಾಕುತ್ತಾರೆ. ಬೀಗದ ಕೈ ಒಂದೇ. ಅದು ಎಲ್ಲಿದೆಯೆಂಬುದು ದಾಖಲೆಯಲ್ಲಿರುತ್ತದೆ. ರೈಲಿನ ಗುಂಡು ಇಲ್ಲಿ ಬೀಗದ ಕೈಯ ರೂಪವನ್ನು ತಾಳಿದೆಯೆಂದು ಹೇಳಬಹುದು.

ಇಷ್ಟಾದರೂ ಕೆಲಸ ಮುಗಿಯಲಿಲ್ಲ. ಇವೆಲ್ಲವನ್ನೂ ಮಾರ್ಗದ ಇನ್ನೊಂದು ಕೊನೆಯಲ್ಲಿಯೂ ಮಾಡಬೇಕು. ಆಮೇಲೆ ತಂತಿಯನ್ನು ನೆಲಕ್ಕೆ ಜೋಡಿಸಬೇಕು. ಇದನ್ನು ಅರ್ತ್ ಮಾಡುವುದೆನ್ನುತ್ತಾರೆ. ಎರಡು ಕಡೆಯೂ ಕಡಿದ ತಂತಿಗೆ ಇದೇಕೆ ಎಂದು ಹೊರಗಿನವರಿಗೆ ತೋರುವುದು ಸಹಜ. ಕಾರಣಗಳು ಹಲವು. ಉದ್ದವಾದ ತಂತಿಯು ಒಂದು ಬಗೆಯ ಪಾತ್ರೆಯಂತೆ. ಮೂಲವನ್ನು ಕಡಿದಮೇಲೂ ಅದರಲ್ಲಿ ವಿದ್ಯುತ್ತು ಕೆಲಕಾಲ ಉಳಿದಿರಬಲ್ಲದು. ಅದೇ ಗೋಪುರದ ಮತ್ತೊಂದು ತೋಳಿನಲ್ಲಿ ಹಾದುಹೋಗುವ ಸಜೀವವಾದ ತಂತಿಯು, ತಾನು ಮುಟ್ಟದೆಯೇ, ಪಕ್ಕದ ಸತ್ತ ತಂತಿಯಲ್ಲಿ ಪ್ರಾಣಾಂತಕವಾದ ಒತ್ತಡವನ್ನು ಹುಟ್ಟಿಸಬಲ್ಲದು. ದೂರದ ಸಿಡಿಲು ತಂತಿಯ ಮೇಲೆ ಎರಗಬಹುದು. ಕಡೆಯದಾಗಿ, ಇಷ್ಟೆಲ್ಲ ಜಾಗ್ರತೆಯನ್ನು ಮೀರಿ ಯಾರಾದರೂ ತಪ್ಪಿ ಪ್ರವಾಹವನ್ನು ಬಿಟ್ಟರೆ, ಅದು ಮನುಷ್ಯನನ್ನು ಬಿಟ್ಟು ನೆಲದ ದಾರಿಯನ್ನು ಹಿಡಿಯಬೇಕು. ಆ ಭಾರಿ ಪ್ರವಾಹದಿಂದ ಬ್ರೇಕರು ತಾನಾಗಿ ಮತ್ತೆ ತೆರೆದುಕೊಳ್ಳಬೇಕು. ಆದುದರಿಂದ ಎರಡು ಕೊನೆಗಳ ಅರ್ತ್ ಅಲ್ಲದೆ, ಕೆಲಸ ಮಾಡುವ ಸ್ಥಳದ ಎರಡು ಪಕ್ಕಗಳಲ್ಲಿಯೂ ಲೈನ್‌ಮನ್ನರು ತಮ್ಮ ಅರ್ತ್ ರಾಡುಗಳನ್ನು ತಾವೇ ತೂಗುಹಾಕಿಕೊಳ್ಳುತ್ತಾರೆ. ಅದಕ್ಕೆ ಮೊದಲು ತಂತಿಯನ್ನು ಪರೀಕ್ಷಿಸುತ್ತಾರೆ. ನಿಯಂತ್ರಣ ಕೊಠಡಿಯ ಮಾತನ್ನು ನಂಬಬೇಕು, ಆದರೆ ಪರೀಕ್ಷೆಯನ್ನು ಬಿಡಬಾರದು. ಎರಡೂ ಏಕಕಾಲದಲ್ಲಿ ನಿಯಮ. ಇದರಿಂದ ಮಾತು ಕೊಟ್ಟವರಿಗೆ ಅವಮಾನವೆಂದು ಆ ವೃತ್ತಿಯಲ್ಲಿ ಯಾರೂ ಭಾವಿಸುವುದಿಲ್ಲ.

ಇದೆಲ್ಲ ಮುಗಿದಮೇಲೆ ಲೈನ್ ಕ್ಲಿಯರು ಸಂಖ್ಯೆ, ವೇಳೆ, ಮಾರ್ಗದ ಹೆಸರು, ಪಡೆಯುವವರ ಹೆಸರು ಇವುಗಳೊಡನೆ ಕಾಗದದ ಮೇಲೆ ಬರುತ್ತದೆ. ದೂರವಾಣಿಯಲ್ಲಿ ಕೊಡುವಾಗ ಕೇಳಿಸಿಕೊಂಡವರು ಅದನ್ನು ಪದಶಃ ಹಿಂದಕ್ಕೆ ಓದಿಹೇಳಬೇಕು. ‘ಆಗಲಿ’ ಎಂದರೆ ಸಾಲದು. ಒಂದೇ ಊರಿನ ಹೆಸರಿನ ಎರಡು ಮಾರ್ಗಗಳು ಪಕ್ಕಪಕ್ಕದಲ್ಲಿಯೇ ಇರುವುದುಂಟು. ಒಂದನ್ನು ಆರಿಸಿ, ಇನ್ನೊಂದರ ಮೇಲೆ ಹತ್ತಿದರೆ ಆಮೇಲೆ ಹೇಳುವುದಕ್ಕೆ ಏನೂ ಉಳಿಯುವುದಿಲ್ಲ. ಒಂದೇ ಮಾರ್ಗದ ಮೇಲೆ ಮೂರು ತಂಡಗಳು ಕೆಲಸಮಾಡುತ್ತಿದ್ದರೆ ಮೂರು ಲೈನ್ ಕ್ಲಿಯರುಗಳು ಬೇರೆಬೇರೆ. ಎರಡು ಹಿಂತಿರುಗಿ ಬಂದಿದ್ದರೂ ಮೂರನೆಯದು ಬರುವವರೆಗೆ ಆ ತಂತಿಯು ಸತ್ತದ್ದೇ. ಹಿಂತಿರುಗಿಸುವ ಮುನ್ನ ತಂಡದ ಮುಖ್ಯಸ್ಥನು ತನ್ನವರನ್ನೆಲ್ಲ ಕೆಳಗಿಳಿಸಿ, ಎಣಿಸಿ, ರಾಡುಗಳನ್ನು ತೆಗೆಸಿ, ಈ ಕ್ಷಣದಿಂದ ತಂತಿಯನ್ನು ಸಜೀವವೆಂದೇ ತಿಳಿಯಬೇಕೆಂದು ಅವರಿಗೆ ಹೇಳಬೇಕು. ಹೇಳಿದಮೇಲೆ, ‘ಅಯ್ಯೋ, ಇಕ್ಕಳವನ್ನು ಮೇಲೆ ಮರೆತುಬಂದೆ’ ಎಂದು ಒಬ್ಬನು ಮತ್ತೆ ಹತ್ತಕೂಡದು. ಇಕ್ಕಳಕ್ಕಾಗಿ ಹತ್ತಿ ಸತ್ತವರ ಕಥೆಯು ಈ ವೃತ್ತಿಯಿರುವ ಎಲ್ಲ ದೇಶಗಳಲ್ಲಿಯೂ ಕೇಳಿಬರುತ್ತದೆ.

‘ಲೈನ್ ಕ್ಲಿಯರ್’ ಎಂಬುದಕ್ಕೆ ಕನ್ನಡದಲ್ಲಿ ಬೇರೊಂದು ಮಾತನ್ನು ಕಟ್ಟಬಾರದೆ ಎಂದು ಭಾಷಾಭಿಮಾನಿಗಳು ಕೇಳಬಹುದು. ಕಟ್ಟುವುದು ಕಷ್ಟವಲ್ಲ. ಆದರೆ ಕೊಡುವವನಿಗೂ ಕೊಳ್ಳುವವನಿಗೂ ಒಂದೇ ಅರ್ಥದಲ್ಲಿ ಹೊಂದಿಕೊಂಡು ನಿಂತಿರುವ ಮಾತನ್ನು ಪ್ರಾಣದ ಪ್ರಶ್ನೆಯಿರುವ ಕಡೆಯಲ್ಲಿ ಅಲುಗಾಡಿಸಬಾರದೆಂದು ನನಗೆ ತೋರುತ್ತದೆ.

ಈಗ ಒಂದು ಪ್ರಶ್ನೆಯು ಉಳಿದಿದೆ. ಈ ಕೆಲಸಕ್ಕಾಗಿ ಪ್ರತ್ಯೇಕವಾದ ಕೊಠಡಿ ಏಕೆ ಬೇಕಾಯಿತು? ಶಕ್ತಿಯ ಮೂಲವೂ ಒಂದು, ಮಾರ್ಗವೂ ಒಂದು ಆಗಿದ್ದಾಗ ವಿದ್ಯುದಾಗಾರದಲ್ಲಿದ್ದವನೇ ನಿಯಂತ್ರಕನು. ಅವನು ಕೀಲನ್ನು ತೆಗೆದರೆ ದಾರಿಯುದ್ದಕ್ಕೂ ತಂತಿಯು ಸಾಯುತ್ತಿತ್ತು. ಮಾತನಾಡುವುದಕ್ಕೆ ದೂರವಾಣಿಯ ತಂತಿಯನ್ನು ವಿದ್ಯುನ್ಮಾರ್ಗದ ಪಕ್ಕದಲ್ಲಿಯೇ ಎಳೆಯುವ ಪದ್ಧತಿ ಅನೇಕ ದೇಶಗಳಲ್ಲಿತ್ತು. ಅಂಥ ತಂತಿಯಲ್ಲಿ ಸದಾ ಗುಂಯ್‌ಗುಟ್ಟುವ ಸದ್ದು. ಪಕ್ಕದ ಮಾರ್ಗದ ಪ್ರಭಾವದಿಂದ ಅದನ್ನು ಮುಟ್ಟುವುದೇ ಅಪಾಯವಾದ್ದರಿಂದ ಮಾತನಾಡುವವನು ನೆಲದ ಸಂಪರ್ಕವಿಲ್ಲದ ಪೀಠದ ಮೇಲೆ ನಿಂತುಕೊಳ್ಳಬೇಕಾಗುತ್ತಿತ್ತು. ಸುರಕ್ಷತೆಯ ಮಾತನ್ನು ಆಡುವುದಕ್ಕೇ ಸುರಕ್ಷತೆಯ ಪೀಠ ಬೇಕಾಯಿತು! ಆದರೆ ಎರಡನೆಯ ಮೂಲವು ಬಂದು ಸೇರಿದ ದಿನ ಈ ಸರಳವಾದ ಸ್ಥಿತಿಯು ಮುಗಿಯಿತು. ತಂತಿಗೆ ಈಗ ಎರಡು ಕಡೆಯಿಂದಲೂ ಪ್ರವಾಹವು ಬರುತ್ತದೆ. ಒಂದು ಕೊನೆಯಲ್ಲಿರುವವನು ತನ್ನ ಕೀಲನ್ನು ತೆಗೆದು ತಂತಿಯು ಸತ್ತಿತೆಂದು ಹೇಳಿದರೆ ಅವನು ಅರ್ಧ ಸತ್ಯವನ್ನು ಹೇಳಿದಂತಾಯಿತು, ಈ ಕಸುಬಿನಲ್ಲಿ ಅರ್ಧ ಸತ್ಯಕ್ಕಿಂತ ಘೋರವಾದುದು ಇಲ್ಲ. ಎರಡು ಕೊನೆಗಳನ್ನೂ ಒಟ್ಟಿಗೆ ನೋಡಬಲ್ಲ ಮೂರನೆಯವನೊಬ್ಬನು ಬೇಕಾದನು. ಅಮೆರಿಕದ ನಗರಗಳಲ್ಲಿ ಈ ಶತಮಾನದ ಹಿಂದಿನ ಶತಮಾನವು ಮೊದಲಾದಾಗ ಇಂಥವನಿಗೆ ‘ಡಿಸ್ಪ್ಯಾಚರ್’ ಎಂಬ ಹೆಸರನ್ನಿಟ್ಟರು. ಅದೂ ರೈಲಿನವರಿಂದ ಪಡೆದ ಸಾಲವೇ.

ಬ್ರಿಟನ್ನಿನಲ್ಲಿ 1926ರ ಕಾಯಿದೆಯಿಂದ ದೇಶಕ್ಕೆಲ್ಲ 1,32,000 ವೋಲ್ಟಿನ ತಂತಿಜಾಲವನ್ನು ಹೆಣೆದರು. 1933ರಿಂದ ಅದು ಏಳು ಪ್ರಾಂತಗಳಾಗಿ ನಡೆಯಿತು, ಪ್ರಾಂತಕ್ಕೊಂದು ನಿಯಂತ್ರಣ ಕೊಠಡಿ. 1937ರ ಅಕ್ಟೋಬರ್ ತಿಂಗಳಿನ ಒಂದು ರಾತ್ರಿ, ಕೆಲವು ಇಂಜಿನಿಯರುಗಳು ಮೇಲಿನವರ ಅಪ್ಪಣೆಯನ್ನು ಕಾಯದೆ ಏಳನ್ನೂ ಜೋಡಿಸಿ, ಎಲ್ಲವೂ ಒಟ್ಟಿಗೆ ನಡೆಯಬಲ್ಲದೇ ಎಂದು ನೋಡಿದರು, ನಡೆಯಿತು. ಮರುವರ್ಷದಿಂದ ಅದೇ ಪದ್ಧತಿಯಾಯಿತು. ಈ ಸಾಹಸವನ್ನು ಇಂಜಿನಿಯರುಗಳು ಅಭಿಮಾನದಿಂದ ಹೇಳಿಕೊಳ್ಳುತ್ತಾರೆ. ಆ ರಾತ್ರಿಯಿಂದ ಮುಂದೆ, ಸ್ಕಾಟ್ಲೆಂಡಿನ ತಂತಿಯೊಂದು ಸತ್ತಿದೆಯೇ ಎಂಬ ಪ್ರಶ್ನೆಗೆ ಉತ್ತರವು ಸ್ಕಾಟ್ಲೆಂಡಿನೊಳಗೇ ಮುಗಿಯದಂತಾಯಿತು ಎಂಬುದು ಅದರ ಇನ್ನೊಂದು ಮುಖ.

ನಮ್ಮಲ್ಲಿಯೂ ಕ್ರಮೇಣ ಹಾಗೆಯೇ ಆಯಿತು. ಶಿವನಸಮುದ್ರದ ತರುವಾಯ 1940ರಲ್ಲಿ ಶಿಂಷಾ, 1948ರಲ್ಲಿ ಜೋಗ, 1960ರ ದಶಕದಲ್ಲಿ ಶರಾವತಿ ಒಂದೊಂದಾಗಿ ಬಂದು ಸೇರಿದವು. ಒಂದು ದಾರವಾಗಿದ್ದುದು ಬಲೆಯಾಯಿತು. ಬೆಂಗಳೂರಿನಲ್ಲಿ ರಾಜ್ಯದ ನಿಯಂತ್ರಣ ಕೇಂದ್ರವೂ, ದಕ್ಷಿಣದ ರಾಜ್ಯಗಳಿಗೆಲ್ಲ ಸಂಬಂಧಿಸಿದ ಪ್ರಾಂತೀಯ ಕೇಂದ್ರವೂ ಇವೆ. ಗೋಡೆಯನ್ನು ತುಂಬಿದ ನಕ್ಷೆಯ ಮೇಲೆ ಮಾರ್ಗಗಳು ಬಣ್ಣಬಣ್ಣದ ಗೆರೆಗಳಾಗಿ ಕಾಣುತ್ತವೆ. ಹಗಲಿರುಳೂ ಪಾಳಿಯ ಮೇಲೆ ಜನರಿರುತ್ತಾರೆ. ಪಾಳಿ ಬದಲಾಗುವಾಗ, ಹೋಗುವವರು ಬರುವವರಿಗೆ ಯಾವ ಯಾವ ಲೈನ್ ಕ್ಲಿಯರು ಇನ್ನೂ ಹೊರಗಿದೆಯೆಂಬುದನ್ನು ದಿನಚರಿಯ ಪುಸ್ತಕದಿಂದ ಓದಿ ಒಪ್ಪಿಸಬೇಕು. ಉಳಿದೆಲ್ಲ ಸುದ್ದಿಯನ್ನು ಮರೆತರೂ ತಿದ್ದಿಕೊಳ್ಳಬಹುದು. ಇದೊಂದನ್ನು ಮರೆಯುವ ಹಾಗಿಲ್ಲ.

ಬಲೆಯು ಎಷ್ಟು ದೊಡ್ಡದಾಯಿತೆಂಬುದಕ್ಕೆ ಒಂದು ನಿದರ್ಶನ. 2012ರ ಜುಲೈ 30 ಮತ್ತು 31ರಂದು ಉತ್ತರ ಭಾರತದ ತಂತಿಜಾಲವು ಕುಸಿದು, ಎರಡನೆಯ ದಿನ ಪೂರ್ವ ಮತ್ತು ಈಶಾನ್ಯ ಪ್ರಾಂತಗಳನ್ನೂ ಎಳೆದುಕೊಂಡು ಬಿದ್ದಿತು. ದಕ್ಷಿಣವು ಉಳಿಯಿತು. ಆಗಿನ್ನೂ ದಕ್ಷಿಣದ ಜಾಲವು ಉಳಿದ ದೇಶದೊಡನೆ ಒಂದೇ ಲಯದಲ್ಲಿ ಬೆಸೆದುಕೊಂಡಿರಲಿಲ್ಲ. ಆ ಬೆಸುಗೆಯಾದದ್ದು 2013ರ ಡಿಸೆಂಬರ್ 31ರಂದು, ನಮ್ಮ ರಾಯಚೂರಿಗೂ ಮಹಾರಾಷ್ಟ್ರದ ಸೊಲ್ಲಾಪುರಕ್ಕೂ ನಡುವೆ ಎಳೆದ 765 ಸಾವಿರ ವೋಲ್ಟಿನ ಮಾರ್ಗದಿಂದ. ರಾಯಚೂರಿನ ಬಯಲಿನಲ್ಲಿ ಆ ಗೋಪುರವೊಂದನ್ನು ಒಬ್ಬನು ಹತ್ತಬೇಕಾದರೆ, ಒಂದು ಕೊನೆಯು ಬೆಂಗಳೂರಿನ ಕೇಂದ್ರಕ್ಕೂ ಇನ್ನೊಂದು ಮುಂಬಯಿಯ ಕೇಂದ್ರಕ್ಕೂ ಸೇರಿರುವುದರಿಂದ, ಎರಡು ಕಡೆಯವರೂ ಒಪ್ಪಬೇಕು. ಇವರಿಬ್ಬರ ಮೇಲೆ ದೆಹಲಿಯ ಕೇಂದ್ರವುಂಟು. ಮಾರ್ಗವನ್ನು ತೆರೆಯುವುದಕ್ಕೆ ಕೇಂದ್ರಗಳು ಸಂಕೇತಸಂಖ್ಯೆಗಳನ್ನು ಕೊಡುತ್ತವೆ. ಆ ಸಂಖ್ಯೆಯಿಲ್ಲದೆ ಸಬ್‌ಸ್ಟೇಷನ್ನಿನವರು ಕೀಲನ್ನು ಮುಟ್ಟುವುದಿಲ್ಲ. ಟಯರನ ಬಿಲ್ಲೆಯು ಇಲ್ಲಿ ಅಂಕೆಗಳಾಗಿದೆ. ಎರಡು ಕಡೆಯವರೂ ಒಪ್ಪದೆ ಅದು ಹೊರಕ್ಕೆ ಬಾರದೆಂಬ ತತ್ತ್ವ ಮಾತ್ರ ಅದೇ.

ಗಣಕಯಂತ್ರಗಳು ಬಂದಮೇಲೆ ನಿಯಂತ್ರಕನು ಕುಳಿತಲ್ಲಿಂದಲೇ ದೂರದ ಬ್ರೇಕರಿನ ಸ್ಥಿತಿಯನ್ನು ನೋಡುತ್ತಾನೆ, ಎಷ್ಟೋ ಕಡೆ ತಾನೇ ತೆರೆದು ಮುಚ್ಚುತ್ತಾನೆ. ಆದರೂ ಐಸೋಲೇಟರಿನ ಅಂತರವನ್ನು ಕಣ್ಣಿನಿಂದ ನೋಡುವುದಕ್ಕೂ, ಬೀಗ ಹಾಕುವುದಕ್ಕೂ, ತಂತಿಯನ್ನು ಪರೀಕ್ಷಿಸುವುದಕ್ಕೂ ಮನುಷ್ಯನು ನಡೆದೇ ಹೋಗಬೇಕು. ಭಾರತದ ನಿಯಮಗಳು 1956ರಿಂದ 2023ರವರೆಗೆ ಹಲವು ಸಲ ತಿದ್ದುಪಡಿಯಾಗಿವೆ. ತಂತಿಯನ್ನು ಅರ್ತ್ ಮಾಡದೆ ಮುಟ್ಟಕೂಡದೆಂಬ ಮಾತು ಯಾವುದರಿಂದಲೂ ಬಿಟ್ಟುಹೋಗಿಲ್ಲ.

ಕೋಲಾರದ ಚಿನ್ನದ ಗಣಿಗಳು 2001ರ ಫೆಬ್ರವರಿ 28ರಂದು ಮುಚ್ಚಿದವು. ಭೂಗರ್ಭದವನಿಗೂ ಕಂಬದ ಮೇಲಿನವನಿಗೂ ನಡುವೆ ಇದ್ದ ವ್ಯಾಜ್ಯವು ಅಲ್ಲಿಗೆ ಮುಗಿಯಿತು. ಈಗ ಆಸ್ಪತ್ರೆಗಳೂ ಕಾರ್ಖಾನೆಗಳೂ ಊರಿನ ಕುಡಿಯುವ ನೀರಿನ ಪಂಪುಗಳೂ ಆ ಗಣಿಯ ಸ್ಥಾನದಲ್ಲಿ ನಿಂತಿವೆ. ಮತ್ತೊಂದು ಹೊಸ ಸಂಗತಿಯು ಮನೆಗಳ ಮಾಳಿಗೆಗಳ ಮೇಲೆಯೇ ಬಂದು ಕುಳಿತಿದೆ. ಪ್ರವಾಹವು ಹೋದಾಗ ಅಂಗಡಿಯವನು ಹಚ್ಚುವ ಜನರೇಟರು, ಸರಿಯಾದ ಸ್ವಿಚ್ಚಿಲ್ಲದೆ ಜೋಡಿಸಲ್ಪಟ್ಟಿದ್ದರೆ, ಬೀದಿಯ ತಂತಿಗೆ ಹಿಮ್ಮುಖವಾಗಿ ಶಕ್ತಿಯನ್ನು ತಳ್ಳುತ್ತದೆ. ಟ್ರಾನ್ಸ್‌ಫಾರ್ಮರಿನಲ್ಲಿ ಅದೇ ಶಕ್ತಿಯು ಸಾವಿರಾರು ವೋಲ್ಟುಗಳಿಗೆ ಏರುತ್ತದೆ. ಸೂರ್ಯಶಕ್ತಿಯ ಫಲಕಗಳ ಯಂತ್ರಗಳಿಗೆ ಬೀದಿಯ ಪ್ರವಾಹವು ನಿಂತ ಕೂಡಲೇ ತಾವೂ ನಿಲ್ಲಬೇಕೆಂಬ ಕಟ್ಟಳೆಯನ್ನು ವಿಧಿಸಿರುವುದು ಇದೇ ಕಾರಣದಿಂದ. ನಿಯಂತ್ರಣ ಕೊಠಡಿಯ ಗೋಡೆಯ ನಕ್ಷೆಯಲ್ಲಿ ಜಲಾಗಾರಗಳಿವೆ, ಗೋಪುರಗಳಿವೆ. ಈ ಅಂಗಡಿಯ ಹಿತ್ತಿಲಿನ ಜನರೇಟರು ಇಲ್ಲ. ಆದುದರಿಂದ ಊರಿನ ಬೀದಿಯಲ್ಲಿ ಲೈನ್ ಕ್ಲಿಯರನ್ನು ಪಡೆದು ಬಂದ ಲೈನ್‌ಮನ್ನನು, ಕೊಠಡಿಯವರು ಎರಡು ಕಡೆಯೂ ಕಡಿದಿದ್ದೇವೆಂದು ಹೇಳಿದ್ದರೂ, ಏಣಿಯನ್ನು ಚಾಚಿ, ಕೆಲಸಕ್ಕೆ ಮೊದಲು ತನ್ನ ರಾಡನ್ನು ತಂತಿಗೆ ತಗುಲಿಸುತ್ತಾನೆ.